ಅಂಗೈಯಗಲದ ಗಣಕ: ಮೆಮೊರಿ ಎಷ್ಟು ಬೇಕು, ಬೆಲೆ ಎಷ್ಟು ಕೊಡಬಹುದು?

ಈಚೆಗೆ ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ಹಲವರು, ಮುಖ್ಯವಾಗಿ ಓದು ಮುಗಿಸಿ ತೋಟಕ್ಕೆ ಮರಳಿದ ಮಕ್ಕಳಿರುವವರು, ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. ಮಳೆ ಅಳೆಯುವುದಕ್ಕೆ, ಮಣ್ಣಿನ ತೇವ ನೋಡುವುದಕ್ಕೆ, ಕಣದ ಬಿಸಿ ಬರೆದಿಡುವುದಕ್ಕೆ ಪುಟ್ಟದೊಂದು ಗಣಕದ ಬೋರ್ಡು ಸಿಗುತ್ತದಂತೆ, ಹೊಸದು ಬಂದಿದೆಯಂತೆ, ಹಳೆಯದಕ್ಕಿಂತ ಎರಡರಷ್ಟು ಮೆಮೊರಿಯಂತೆ, ಕೊಳ್ಳಬಹುದೇ ಎಂಬುದು ಆ ಪ್ರಶ್ನೆ. ಸದಸ್ಯರಿಗೆ ಒಟ್ಟಾಗಿ ಇಪ್ಪತ್ತು ಮಳೆಮಾಪಕಗಳನ್ನು ತರಿಸಿಕೊಡುವ ಪ್ರಸ್ತಾಪವೂ ಸಂಘದ ಮುಂದಿದೆ. ಹಣ ಸದಸ್ಯರದು. ಆದುದರಿಂದ ಸಭೆಗೆ ಮೊದಲು ಈ ವಿಷಯವನ್ನು ಎಲ್ಲರೂ ಸ್ವಲ್ಪ ಅಭ್ಯಾಸ ಮಾಡಿಕೊಂಡಿರುವುದು ಒಳ್ಳೆಯದೆಂದು ಈ ಪಾಠವನ್ನು ಬರೆಯುತ್ತಿದ್ದೇವೆ. ಇಂಜಿನಿಯರಿಂಗ್ ಓದಿರಬೇಕಾಗಿಲ್ಲ. ಕೂಡಿಸಿ ಗುಣಿಸಲು ಬಂದರೆ ಸಾಕು.

ಮೊದಲು ನಮ್ಮ ತಪ್ಪು

ಪಾಠ ಹೇಳುವವರು ತಾವು ಕಲಿತ ಬಗೆಯನ್ನೂ ಹೇಳಬೇಕು. ನಮ್ಮ ರೋಬಸ್ಟಾ ತಾಕಿನಲ್ಲಿ ನಾವೇ ಇಂಥ ಒಂದು ಬೋರ್ಡನ್ನು ಮಳೆಮಾಪಕಕ್ಕೆ ಜೋಡಿಸಿ ಇಟ್ಟಿದ್ದೆವು. ಅದು ಚೆನ್ನಾಗಿ ನಡೆಯುತ್ತಿದ್ದುದನ್ನು ಕಂಡು, ಮೇಸ್ತ್ರಿ ದಿನವೂ ಬೆಳಿಗ್ಗೆ ಓದಿ ಬರೆಯುತ್ತಿದ್ದ ಹಳೆಯ ಗಾಜಿನ ಅಳತೆಯನ್ನು ಅಟ್ಟಕ್ಕೆ ಹಾಕಿದೆವು. ಉತ್ತರಾಭಾದ್ರೆಯಲ್ಲಿ ಒಂದು ಸಂಜೆ ಗುಡುಗು ಸಿಡಿಲಿನೊಡನೆ ಹೂಮಳೆ ಬಂತು. ಮಳೆಯ ನಡುವೆಯೇ ಕರೆಂಟು ಹೋಯಿತು. ಬೆಳಿಗ್ಗೆ ಹೋಗಿ ನೋಡಿದರೆ ಹಿಂದಿನ ದಿನದ ಮಳೆ ಸೊನ್ನೆ ಎಂದು ಬೋರ್ಡು ತೋರಿಸಿತು.

ಮೇಲಿನ ತೋಟದವರು ಒಂದು ಇಂಚು ಹತ್ತು ಸೆಂಟ್ ಎಂದರು. ನಮ್ಮಲ್ಲಿಯೂ ಅಷ್ಟೇ ಬಿದ್ದಿರಬೇಕೆಂದು ತಿಳಿದು ಸ್ಪ್ರಿಂಕ್ಲರ್ ಹಾಕಲಿಲ್ಲ. "ಅಯ್ಯ, ಗಿಡದ ಬುಡ ಕೆದಕಿ ನೋಡಿದೆ, ನೀರು ಒಳಗಿಳಿದಿಲ್ಲ" ಎಂದು ಮೇಸ್ತ್ರಿ ಹೇಳಿದಾಗಲೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಳೆ ಸಾಲದೆ ಹೋದರೆ ಮೊಗ್ಗು ಅರ್ಧ ಬಿರಿದು, ಗುಲಾಬಿ ಬಣ್ಣಕ್ಕೆ ತಿರುಗಿ ಉದುರುವುದು ಸದಸ್ಯರಿಗೆ ಗೊತ್ತೇ ಇದೆ. ಎರಡು ಎಕರೆಯಲ್ಲಿ ಹಾಗೆಯೇ ಆಯಿತು. ಬೋರ್ಡು ಕೆಟ್ಟಿರಲಿಲ್ಲ, ಮೆಮೊರಿಯೂ ಕಡಿಮೆ ಇರಲಿಲ್ಲ. ಯಾವ ಮೆಮೊರಿಯಲ್ಲಿ ಏನನ್ನು ಇಡಬೇಕೆಂಬುದು ನಮಗೆ ತಿಳಿದಿರಲಿಲ್ಲ, ಅಷ್ಟೆ. ಈ ಪಾಠದ ತಿರುಳು ಅದೇ ಆಗಿದೆ.

ಎರಡು ಬಗೆಯ ಮೆಮೊರಿ

ಬೋರ್ಡಿನ ಮೆಮೊರಿ ಎಂದಾಗ ಎರಡು ಬೇರೆ ಬೇರೆ ವಸ್ತುಗಳನ್ನು ಹೇಳುತ್ತಾರೆ. ಒಂದು ರ್ಯಾಮ್. ಇನ್ನೊಂದು ಫ್ಲ್ಯಾಶ್.

ತೋಟದ ರೂಢಿಯಲ್ಲಿ ಹೇಳುವುದಾದರೆ, ರ್ಯಾಮ್ ಎಂದರೆ ಮೇಸ್ತ್ರಿಯ ತಲೆಯಲ್ಲಿರುವ ಲೆಕ್ಕ. ಇವತ್ತು ಎಷ್ಟು ಆಳು, ಯಾರು ಯಾವ ಸಾಲಿನಲ್ಲಿ ಇದ್ದಾರೆ, ಯಾರ ಚೀಲ ತುಂಬಿತು, ಎಲ್ಲವೂ ಅಲ್ಲಿರುತ್ತದೆ. ಬೇಗ ನೆನಪಿಗೆ ಬರುತ್ತದೆ, ಬೇಗ ತಿದ್ದಬಹುದು. ಆದರೆ ಅವನಿಗೆ ನಿದ್ರೆ ಬಂತೆಂದರೆ ಅಳಿಸಿಹೋಗುತ್ತದೆ. ಫ್ಲ್ಯಾಶ್ ಎಂದರೆ ಚೆಕ್‌ರೋಲ್ ಪುಸ್ತಕ. ಬರೆಯಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಆದರೆ ಬರೆದದ್ದು ದೀಪ ಆರಿದರೂ ಇರುತ್ತದೆ.

ನಮ್ಮ ಬೋರ್ಡು ದಿನವೆಲ್ಲ ಮಳೆಯ ಲೆಕ್ಕವನ್ನು ರ್ಯಾಮಿನಲ್ಲಿ ಇಟ್ಟುಕೊಂಡು, ನಡುರಾತ್ರಿ ಒಂದು ಸಲ ಮಾತ್ರ ಫ್ಲ್ಯಾಶಿಗೆ ಬರೆಯುತ್ತಿತ್ತು. ಸಂಜೆ ಕರೆಂಟು ಹೋದಾಗ ಆ ದಿನದ ಲೆಕ್ಕವೂ ಹೋಯಿತು. ರ್ಯಾಮು ಎರಡರಷ್ಟಲ್ಲ, ಹತ್ತರಷ್ಟು ಇದ್ದಿದ್ದರೂ ಹೋಗುತ್ತಿತ್ತು.

ಹಳೆಯ ಬೋರ್ಡು, ಹೊಸ ಬೋರ್ಡು

ಈಗ ಬೋರ್ಡುಗಳ ವಿವರ. ಹವ್ಯಾಸಿಗಳಲ್ಲಿ ಬಹಳ ಬಳಕೆಯಲ್ಲಿರುವ ಆರ್ಡುಯಿನೋ ಬೋರ್ಡುಗಳು 2005ರಲ್ಲಿ ಇಟಲಿಯ ಇವ್ರಿಯಾ ಊರಿನಲ್ಲಿ ವಿದ್ಯಾರ್ಥಿಗಳ ಕಲಿಕೆಗಾಗಿ ಹುಟ್ಟಿದವು. ಇಂಗ್ಲೆಂಡಿನ ಕೇಂಬ್ರಿಜ್‌ನ ರಾಸ್ಪ್‌ಬೆರಿ ಪೈ ಸಂಸ್ಥೆಯವರು 2021ರ ಜನವರಿಯಲ್ಲಿ ಪೀಕೋ ಎಂಬ ಬೋರ್ಡನ್ನೂ, 2024ರ ಆಗಸ್ಟ್‌ನಲ್ಲಿ ಪೀಕೋ 2 ಎಂಬ ಹೊಸ ಬೋರ್ಡನ್ನೂ ಹೊರತಂದರು. ಪೀಕೋ 51 ಮಿಲಿಮೀಟರ್ ಉದ್ದ, 21 ಮಿಲಿಮೀಟರ್ ಅಗಲ ಇದೆ. ಉದ್ದದಲ್ಲಿ ಬೆಂಕಿಪೊಟ್ಟಣದಷ್ಟು, ಅಗಲದಲ್ಲಿ ಅದಕ್ಕಿಂತ ಕಡಿಮೆ.

ಆರ್ಡುಯಿನೋ ಊನೋ ಆರ್3: ರ್ಯಾಮ್ 2 ಕಿಲೋಬೈಟ್. ಪ್ರೋಗ್ರಾಮಿಗೆ ಫ್ಲ್ಯಾಶ್ 32 ಕಿಲೋಬೈಟ್. ಲೆಕ್ಕ ಬರೆದಿಡಲು ಇಇಪ್ರಾಮ್ ಎಂಬ ಬೇರೊಂದು ಸ್ಥಿರ ಮೆಮೊರಿ 1 ಕಿಲೋಬೈಟ್.

ಪೀಕೋ (2021): ರ್ಯಾಮ್ 264 ಕಿಲೋಬೈಟ್. ಫ್ಲ್ಯಾಶ್ 2 ಮೆಗಾಬೈಟ್. ಬಿಡುಗಡೆಯ ಬೆಲೆ 4 ಡಾಲರ್.

ಪೀಕೋ 2 (2024): ರ್ಯಾಮ್ 520 ಕಿಲೋಬೈಟ್. ಫ್ಲ್ಯಾಶ್ 4 ಮೆಗಾಬೈಟ್. ಬಿಡುಗಡೆಯ ಬೆಲೆ 5 ಡಾಲರ್.

ವೈಫೈ ಸಹಿತವಾದ ಪೀಕೋ ಡಬ್ಲ್ಯು 2022ರಲ್ಲಿ 6 ಡಾಲರಿಗೂ, ಪೀಕೋ 2 ಡಬ್ಲ್ಯು 2024ರ ನವೆಂಬರ್‌ನಲ್ಲಿ 7 ಡಾಲರಿಗೂ ಬಂದವು. ಕಿಲೋಬೈಟ್ ಎಂದರೆ 1024 ಬೈಟ್. ಮೆಗಾಬೈಟ್ ಎಂದರೆ 1024 ಕಿಲೋಬೈಟ್. ಒಂದು ಅಕ್ಷರ ಅಥವಾ ಒಂದು ಅಂಕಿ ಇಡಲು ಒಂದು ಬೈಟ್ ಬೇಕೆಂದು ಸದ್ಯಕ್ಕೆ ತಿಳಿದರೆ ಸಾಕು.

ಮೂಟೆಯ ತೂಕವೂ ಓಟಿಯೂ

ಚೆರ್ರಿ ಮಾರುವಾಗ ಮೂಟೆ 50 ಕಿಲೋ ಇದೆ ಎಂದರೆ ವ್ಯಾಪಾರ ಮುಗಿಯುವುದಿಲ್ಲ. ಓಟಿ ಎಷ್ಟು ಎಂದು ಕೇಳುತ್ತೇವೆ. 50 ಕಿಲೋ ಚೆರ್ರಿಯಲ್ಲಿ ಎಷ್ಟು ಕಿಲೋ ಬೇಳೆ ಬರುತ್ತದೆ ಎಂಬುದೇ ಬೆಲೆಯ ಆಧಾರ. ಬೋರ್ಡಿನ ಮೆಮೊರಿಗೂ ಓಟಿ ಇದೆ.

ಪೀಕೋವಿನ ಫ್ಲ್ಯಾಶ್ 2 ಮೆಗಾಬೈಟ್, ಅಂದರೆ 2048 ಕಿಲೋಬೈಟ್. ಇದರಲ್ಲಿ ಮೈಕ್ರೋಪೈಥಾನ್ ಎಂಬ ಭಾಷೆಯನ್ನು ಹಾಕಿದರೆ ನಮ್ಮ ಕಡತಗಳಿಗೆ ಮೀಸಲಾಗಿ ಉಳಿಯುವುದು 1408 ಕಿಲೋಬೈಟ್. 50 ಕಿಲೋ ಮೂಟೆಯ ಲೆಕ್ಕದಲ್ಲಿ ಸುಮಾರು 34 ಓಟಿ. ಅದೇ 2 ಮೆಗಾಬೈಟ್ ಇರುವ ಪೀಕೋ ಡಬ್ಲ್ಯುವಿನಲ್ಲಿ ವೈಫೈ ನಡೆಸುವ ಸಾಮಗ್ರಿಗೂ ಜಾಗ ಬೇಕಾದ್ದರಿಂದ ಉಳಿಯುವುದು 848 ಕಿಲೋಬೈಟ್ ಮಾತ್ರ. ಓಟಿ 21ಕ್ಕೂ ಸ್ವಲ್ಪ ಕಡಿಮೆ. ಮೂಟೆಯ ಮೇಲಿನ ಅಂಕಿ ಎರಡಕ್ಕೂ ಒಂದೇ.

ಇನ್ನೊಂದು ಎಚ್ಚರಿಕೆ. ಚಿಪ್ಪು ಮಾರುವವರು ಮೆಮೊರಿಯನ್ನು ಕೆಲವೊಮ್ಮೆ ಬೈಟಿನಲ್ಲಿ ಹೇಳದೆ ಬಿಟ್ಟಿನಲ್ಲಿ ಹೇಳುತ್ತಾರೆ. 8 ಬಿಟ್ ಸೇರಿದರೆ 1 ಬೈಟ್. ಪೀಕೋವಿನ ಫ್ಲ್ಯಾಶ್ ಚಿಪ್ಪನ್ನು 16 ಮೆಗಾಬಿಟ್ ಎಂದರೂ ಸರಿಯೇ, 2 ಮೆಗಾಬೈಟ್ ಎಂದರೂ ಸರಿಯೇ. ಗಡಿಯಾರದ ಬಿಲ್ಲೆಗಳೊಂದಿಗೆ ಬರುವ ಸಣ್ಣ ಮೆಮೊರಿ ಚಿಪ್ಪಿನಲ್ಲಿ 32 ಎಂದು ಇರುವುದು 32 ಕಿಲೋಬಿಟ್. ಕೈಗೆ ಸಿಗುವುದು 4 ಕಿಲೋಬೈಟ್. ಪೌಂಡನ್ನು ಕಿಲೋ ಎಂದು ಓದಿಕೊಂಡರೆ ನಷ್ಟ ಯಾರಿಗೆಂಬುದು ಹೇಳಬೇಕಾಗಿಲ್ಲ.

ನಮ್ಮ ಮಳೆಗೆ ಎಷ್ಟು ಮೆಮೊರಿ ಬೇಕು?

ಬೋರ್ಡಿನ ಕಡೆಯಿಂದ ಹೊರಟರೆ ಆಸೆ ಬೆಳೆಯುತ್ತದೆ. ಕೆಲಸದ ಕಡೆಯಿಂದ ಹೊರಟರೆ ಲೆಕ್ಕ ಸಿಗುತ್ತದೆ. ಮಳೆಯನ್ನೇ ತೆಗೆದುಕೊಳ್ಳೋಣ.

ಬೋರ್ಡಿಗೆ ಜೋಡಿಸುವ ಮಳೆಮಾಪಕದಲ್ಲಿ ತಕ್ಕಡಿಯಂತೆ ತೂಗುವ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಒಂದು ತುಂಬಿದೊಡನೆ ಮಗುಚಿಕೊಂಡು ಇನ್ನೊಂದು ಮೇಲೆ ಬರುತ್ತದೆ. ಮಗುಚುವಾಗ ಆಯಸ್ಕಾಂತದಿಂದ ಒಂದು ಸ್ವಿಚ್ಚು ಕೂಡಿ ಬೋರ್ಡಿಗೆ ಸೂಚನೆ ಹೋಗುತ್ತದೆ. ಒಂದು ಮಗುಚಿಗೆ 0.2 ಮಿಲಿಮೀಟರ್ ಮಳೆ ಎಂದು ಇಟ್ಟುಕೊಳ್ಳೋಣ. ಒಂದು ಇಂಚು ಎಂದರೆ 25.4 ಮಿಲಿಮೀಟರ್, ಅಂದರೆ 127 ಮಗುಚು.

ವರ್ಷಕ್ಕೆ 120 ಇಂಚು ಮಳೆ ಬೀಳುವ ತೋಟದಲ್ಲಿ 120ನ್ನು 127ರಿಂದ ಗುಣಿಸಿದರೆ 15,240 ಮಗುಚು. ಪ್ರತಿ ಮಗುಚಿನ ಸಮಯವನ್ನು ಅಡಕವಾಗಿ ಬರೆದರೆ 4 ಬೈಟ್ ಸಾಕು. ವರ್ಷಕ್ಕೆ 60,960 ಬೈಟ್. 60 ಕಿಲೋಬೈಟಿಗೂ ಕಡಿಮೆ. ಮನುಷ್ಯರು ಓದುವಂತೆ ತಾರೀಕು, ಗಂಟೆ, ನಿಮಿಷ ಬಿಡಿಸಿ ಒಂದು ಸಾಲಾಗಿ ಬರೆದರೆ ಸಾಲಿಗೆ ಸುಮಾರು 20 ಬೈಟ್. ವರ್ಷಕ್ಕೆ 3,04,800 ಬೈಟ್. ಹತ್ತಿರ ಹತ್ತಿರ 298 ಕಿಲೋಬೈಟ್.

ಈಗ ಬೋರ್ಡುಗಳಿಗೆ ಹೊಂದಿಸಿ ನೋಡೋಣ.

ಊನೋ ಆರ್3ರ 1 ಕಿಲೋಬೈಟ್ ಸ್ಥಿರ ಮೆಮೊರಿಯಲ್ಲಿ, 4 ಬೈಟಿನಂತೆ, 256 ಮಗುಚು ಹಿಡಿಯುತ್ತದೆ. ಅದು 51 ಮಿಲಿಮೀಟರ್, ಅಂದರೆ ಎರಡು ಇಂಚು ಮಳೆ. ಪುನರ್ವಸು ಮಳೆ ಹಿಡಿದಾಗ ಒಂದು ಹಗಲಿಗೂ ಸಾಲದೆ ಹೋಗಬಹುದು. ಹೊರಗಿನಿಂದ ಮೆಮೊರಿ ಕಾರ್ಡು ಸೇರಿಸಬೇಕಾಗುತ್ತದೆ.

ಹಳೆಯ ಪೀಕೋವಿನ 1408 ಕಿಲೋಬೈಟಿನಲ್ಲಿ, ಬಿಡಿಸಿ ಬರೆದರೂ ನಾಲ್ಕೂವರೆ ವರ್ಷದ ಮಳೆ ಹಿಡಿಯುತ್ತದೆ. ಅಡಕವಾಗಿ ಬರೆದರೆ 23 ವರ್ಷದ್ದು. ಕಡತಗಳ ಏರ್ಪಾಟಿಗೆ ಹೋಗುವ ಜಾಗವನ್ನು ಕಳೆದರೂ ಬೇಕಾದಷ್ಟು ಉಳಿಯುತ್ತದೆ.

ಮಣ್ಣಿನ ತೇವವನ್ನೂ ಸೇರಿಸೋಣ. ನಾಲ್ಕು ಕಡೆ ಕಡ್ಡಿ ನೆಟ್ಟು ಗಂಟೆಗೊಂದು ಸಲ ಓದಿದರೆ ವರ್ಷಕ್ಕೆ 8,760 ಸಲ. ಸಮಯಕ್ಕೆ 4 ಬೈಟ್, ನಾಲ್ಕು ಓದುಗಳಿಗೆ 8 ಬೈಟ್, ಒಟ್ಟು 12. ವರ್ಷಕ್ಕೆ 1,05,120 ಬೈಟ್, 103 ಕಿಲೋಬೈಟ್. ಇದೂ ಸಮಸ್ಯೆಯಲ್ಲ.

ಆದುದರಿಂದ ಮಳೆಮಾಪಕದ ಕೆಲಸಕ್ಕೆ ಹಳೆಯ ಪೀಕೋವಿನ ಮೆಮೊರಿಯೇ ಹೆಚ್ಚಾಯಿತು. ಎರಡರಷ್ಟು ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಹತ್ತು ಮೂಟೆ ಕಾಫಿ ಬೆಳೆಯುವವರು ನೂರು ಮೂಟೆಯ ಗೋದಾಮು ಕಟ್ಟಿಸಿ, ಮೂಟೆ ಲೆಕ್ಕದಲ್ಲಿ ಅಗ್ಗವಾಯಿತು ಎಂದಂತೆ ಆಗುತ್ತದೆ.

ಬರೆಯುವುದಕ್ಕೂ ಮಿತಿ ಉಂಟು

ಹಾಗಾದರೆ ಪ್ರತಿ ಮಗುಚನ್ನೂ ಆಗಿಂದಾಗಲೇ ಫ್ಲ್ಯಾಶಿಗೆ ಬರೆದುಬಿಟ್ಟರೆ ಆಯಿತಲ್ಲ ಎಂದು ಕೇಳಬಹುದು. ನಾವು ರಾತ್ರಿಗೊಂದು ಸಲ ಬರೆಯುವ ಏರ್ಪಾಟು ಮಾಡಿದ್ದುದಕ್ಕೂ ಕಾರಣವಿತ್ತು. ಫ್ಲ್ಯಾಶ್ ಸವೆಯುತ್ತದೆ. ಅದನ್ನು 4 ಕಿಲೋಬೈಟಿನ ಪುಟಗಳಾಗಿ ಅಳಿಸಬೇಕು. ಸಾಮಾನ್ಯವಾಗಿ ಒಂದು ಪುಟವನ್ನು 1 ಲಕ್ಷ ಸಲ ಅಳಿಸಬಹುದೆಂದು ತಯಾರಕರು ಹೇಳುತ್ತಾರೆ.

ತಿಳಿಯದವರು ಬರೆದ ಪ್ರೋಗ್ರಾಮು ನಿಮಿಷಕ್ಕೊಂದು ಸಲ ಒಂದೇ ಪುಟವನ್ನು ಅಳಿಸಿ ಬರೆದರೆ, ದಿನಕ್ಕೆ 1,440 ಸಲ ಆಗುತ್ತದೆ. 1 ಲಕ್ಷ ಮುಗಿಯಲು 69 ದಿನ ಸಾಕು. ಹೂಮಳೆಗೆ ಮೊದಲು ಇಟ್ಟ ಮಾಪಕ ಮುಂಗಾರು ಹತ್ತುವಷ್ಟರಲ್ಲಿ ಕೈಕೊಡಬಹುದು. ಅದೇ ಬೋರ್ಡಿನಲ್ಲಿ ಮಳೆ ಬಿದ್ದಾಗ ಮಾತ್ರ, ಮಗುಚಿಗೊಂದು ಸಲ ಬರೆದರೆ ವರ್ಷಕ್ಕೆ 15,240 ಸಲ. ಒಂದೇ ಪುಟವಾದರೂ ಆರು ವರ್ಷ ದಾಟುತ್ತದೆ. ಮೈಕ್ರೋಪೈಥಾನಿನ ಕಡತ ವ್ಯವಸ್ಥೆ ಈ ಸವೆತವನ್ನು ಬೇರೆ ಬೇರೆ ಪುಟಗಳಿಗೆ ಹಂಚುತ್ತದೆ. 1408 ಕಿಲೋಬೈಟಿನಲ್ಲಿ ಅಂಥ ಪುಟಗಳು 352. ಹಂಚಿ ಬರೆದರೆ ಸವೆತದ ಚಿಂತೆ ನಮ್ಮ ಕಾಲಕ್ಕಿಲ್ಲ.

ನಾವು ಈಗ ಮಾಡಿಕೊಂಡಿರುವ ಏರ್ಪಾಟು ಇದು: ಐದು ಮಗುಚಿಗೊಂದು ಸಲ, ಅಂದರೆ 1 ಮಿಲಿಮೀಟರಿಗೊಂದು ಸಲ ಬರೆಯುವುದು. ಕರೆಂಟು ಹೋದರೂ ಕಳೆಯುವುದು ಹೆಚ್ಚೆಂದರೆ ನಾಲ್ಕು ಮಗುಚು. ಮೂರು ನಾಲ್ಕು ಸೆಂಟ್ ಮಳೆ. ಕರೆಂಟಿನ ಬದಲು ಬ್ಯಾಟರಿಯನ್ನೂ ಇಟ್ಟಿದ್ದೇವೆ. ಇದಕ್ಕೆ ಹೊಸ ಬೋರ್ಡು ಬೇಕಾಗಲಿಲ್ಲ. ಪ್ರೋಗ್ರಾಮಿನ ನಾಲ್ಕು ಸಾಲು ತಿದ್ದಿದ್ದೇವೆ.

ಗಡಿಯಾರದ ಸಂಗತಿಯನ್ನೂ ಇಲ್ಲೇ ಹೇಳಬೇಕು. ಕರೆಂಟು ಹೋಗಿ ಬಂದರೆ ಪೀಕೋಗೆ ತಾರೀಕು ಮರೆತುಹೋಗುತ್ತದೆ. ತಾರೀಕಿಲ್ಲದ ಮಳೆ ಲೆಕ್ಕ ಯಾವ ಉಪಯೋಗಕ್ಕೂ ಬಾರದು. ಗುಂಡಿಯಂಥ ಸಣ್ಣ ಸೆಲ್ಲಿನಲ್ಲಿ ನಡೆಯುವ ಡಿಎಸ್3231 ಎಂಬ ಗಡಿಯಾರದ ಬಿಲ್ಲೆಯನ್ನು ಸೇರಿಸಿದರೆ ವರ್ಷಕ್ಕೆ ಸುಮಾರು ಒಂದು ನಿಮಿಷಕ್ಕಿಂತ ಹೆಚ್ಚು ತಪ್ಪುವುದಿಲ್ಲ. ಮೆಮೊರಿಗೆ ಕೊಡುವ ಹೆಚ್ಚಿನ ಹಣಕ್ಕಿಂತ ಇದಕ್ಕೆ ಕೊಟ್ಟ ಹಣ ಸಾರ್ಥಕ.

ಬೆಲೆಯ ಮಾತು

ಲೆಕ್ಕದ ಸಲುವಾಗಿ ಡಾಲರಿಗೆ 90 ರೂಪಾಯಿ ಎಂದಿಟ್ಟುಕೊಂಡರೆ ಪೀಕೋ 360, ಪೀಕೋ 2 450, ಪೀಕೋ ಡಬ್ಲ್ಯು 540, ಪೀಕೋ 2 ಡಬ್ಲ್ಯು 630 ರೂಪಾಯಿ. ತೆರಿಗೆ, ಸಾಗಾಣಿಕೆ, ಅಂಗಡಿಯ ಲಾಭ ಇದಕ್ಕೆ ಸೇರುತ್ತವೆ. ಆದುದರಿಂದ ಘೋಷಿತ ಬೆಲೆಗೇ ಕೊಡಿ ಎಂದು ಅಂಗಡಿಯವರನ್ನು ಪೀಡಿಸುವುದು ನ್ಯಾಯವಲ್ಲ. ಆದರೆ ಘೋಷಿತ ಬೆಲೆಯ ಮೂರು ನಾಲ್ಕು ಪಟ್ಟು ಕೇಳಿದರೆ ಕಾರಣ ಕೇಳುವುದು ನ್ಯಾಯ. ಸಂಘಕ್ಕೆ ಬಂದ ಒಂದು ದರಪಟ್ಟಿಯಲ್ಲಿ ಎರಡರಷ್ಟು ಮೆಮೊರಿ ಎಂಬುದನ್ನೇ ದಪ್ಪಕ್ಷರದಲ್ಲಿ ಬರೆದು, ಬೋರ್ಡಿಗೆ ಅಂಥದೇ ಬೆಲೆ ಹಾಕಿದ್ದರು. ಹಳೆಯದಕ್ಕೂ ಹೊಸದಕ್ಕೂ ಇರುವ ಅಸಲು ವ್ಯತ್ಯಾಸ ಒಂದು ಡಾಲರ್ ಎಂಬುದು ಸದಸ್ಯರಿಗೆ ತಿಳಿದಿರಲಿ. ಇಪ್ಪತ್ತು ಬೋರ್ಡಿಗೆ ಮೇಲಿನ ಲೆಕ್ಕದಲ್ಲಿ 1,800 ರೂಪಾಯಿ.

ಡಾಲರಿಗೆ ಎಷ್ಟು ಕಿಲೋಬೈಟ್ ರ್ಯಾಮ್ ಎಂದು ನೋಡಿದರೆ ಪೀಕೋವಿನಲ್ಲಿ 66, ಪೀಕೋ 2ರಲ್ಲಿ 104. ಹೊಸದು ಅಗ್ಗವೆಂದು ತೋರುತ್ತದೆ. ಆದರೆ ನಾವು ಕೊಳ್ಳುತ್ತಿರುವುದು ಕಿಲೋಬೈಟನ್ನಲ್ಲ, ಮಳೆಯ ಲೆಕ್ಕವನ್ನು. ಅದಕ್ಕೆ ಬಟ್ಟಲಿನ ಮಾಪಕ, ಗಡಿಯಾರ, ಬ್ಯಾಟರಿ, ನೀರು ನುಗ್ಗದ ಪೆಟ್ಟಿಗೆ, ತಂತಿ, ಕಂಬ ಎಲ್ಲವೂ ಬೇಕು. ನಮ್ಮ ತೋಟದ ಖರ್ಚಿನಲ್ಲಿ ಬೋರ್ಡಿನದೇ ಎಲ್ಲಕ್ಕಿಂತ ಸಣ್ಣ ಬಾಬುಗಳಲ್ಲಿ ಒಂದು. ಪೆಟ್ಟಿಗೆಗೆ ಅದಕ್ಕಿಂತ ಹೆಚ್ಚು ಕೊಟ್ಟಿದ್ದೇವೆ. ಬೋರ್ಡಿನಲ್ಲಿ 90 ರೂಪಾಯಿ ಉಳಿಸಲು ತಲೆ ಕೆಡಿಸಿಕೊಂಡು, ಅಗ್ಗದ ಪೆಟ್ಟಿಗೆ ಹಾಕಿ ಆಷಾಢದ ಮಳೆಗೆ ಬೋರ್ಡನ್ನೇ ಕಳೆದುಕೊಳ್ಳುವುದು ಜಾಣತನವಲ್ಲ.

ಬ್ಯಾಟರಿಯ ಲೆಕ್ಕವೂ ಬೆಲೆಯ ಲೆಕ್ಕವೇ. ಬೋರ್ಡು ಸದಾ ಎಚ್ಚರವಿದ್ದು 24 ಮಿಲಿಆಂಪಿಯರ್ ಎಳೆದರೆ 2400 ಮಿಲಿಆಂಪಿಯರ್-ಗಂಟೆಯ ಸೆಲ್ಲುಗಳು 100 ಗಂಟೆಗೆ, ಅಂದರೆ ನಾಲ್ಕು ದಿನ ಚಿಲ್ಲರೆಗೆ ಮುಗಿಯುತ್ತವೆ. ಮಳೆಯಿಲ್ಲದಾಗ ನಿದ್ರಿಸುವಂತೆ ಪ್ರೋಗ್ರಾಮು ಬರೆಯಬೇಕು, ಇಲ್ಲವೇ ಸೌರ ಫಲಕ ಬೇಕು. ಮಾರುವವರನ್ನು ಮೆಮೊರಿ ಎಷ್ಟು ಎಂದು ಕೇಳುವುದಕ್ಕಿಂತ ಬ್ಯಾಟರಿ ಎಷ್ಟು ದಿನ ಬರುತ್ತದೆ ಎಂದು ಕೇಳುವುದು ಮೇಲು.

ಹೊಸದು ಯಾರಿಗೆ ಬೇಕು?

ಹೊಸ ಬೋರ್ಡು ಬೇಡವೇ ಬೇಡ ಎಂದಲ್ಲ. ವೈಫೈ ಮೂಲಕ ಲೆಕ್ಕವನ್ನು ಹೊರಗೆ ಕಳಿಸುವಾಗ, ಬೇರೆಯವರು ಓದದಂತೆ ಗುಪ್ತಲಿಪಿಯಲ್ಲಿ ಕಳಿಸಬೇಕು. ಆ ಕೆಲಸ ಹತ್ತಾರು ಕಿಲೋಬೈಟ್ ರ್ಯಾಮ್ ಬೇಡುತ್ತದೆ. ಬಣ್ಣದ ಪರದೆ ಜೋಡಿಸುವವರಿಗೂ, ಒಂದೇ ಬೋರ್ಡಿನಲ್ಲಿ ಅನೇಕ ಕೆಲಸ ಹೂಡುವವರಿಗೂ ಹೆಚ್ಚು ರ್ಯಾಮ್ ಅನುಕೂಲ. ಮನೆಯ ವೈಫೈ ತಲುಪುವ ಕಣದಲ್ಲಿ ಇಡುವುದಾದರೆ ಪೀಕೋ 2 ಡಬ್ಲ್ಯು ಒಳ್ಳೆಯ ಆಯ್ಕೆ. ಹಳ್ಳದಾಚೆಯ ತಾಕಿಗೆ ವೈಫೈ ತಲುಪುವುದೇ ಇಲ್ಲ; ಅಲ್ಲಿ ಆ ಹಣ ವ್ಯರ್ಥ.

ಹೊಸದೆಂದರೆ ಪರೀಕ್ಷೆ ಮುಗಿಯದ್ದು ಎಂಬುದನ್ನೂ ನೆನಪಿಡಬೇಕು. ಕಾವೇರಿ ತಳಿ ಎಲೆ ತುಕ್ಕಿಗೆ ಬಗ್ಗುವುದಿಲ್ಲವೆಂದು ಬಂದು, ಮುಂದೆ ಅದೇ ತುಕ್ಕಿಗೆ ತುತ್ತಾದುದನ್ನು ಕಂಡವರು ನಾವು. ಪೀಕೋ 2ರ ಮೊದಲ ಚಿಪ್ಪುಗಳಲ್ಲಿಯೂ ಒಂದು ದೋಷ ಹೊರಬಂತು. ಕಾಲುಗಳನ್ನು ಒಳಗಿನಿಂದಲೇ ಸೊನ್ನೆ ವೋಲ್ಟಿಗೆ ಎಳೆದು ಹಿಡಿಯುವ ಏರ್ಪಾಟು ಸರಿಯಾಗಿ ಹಿಡಿಯುತ್ತಿರಲಿಲ್ಲ, ಹೊರಗಿನಿಂದ 8.2 ಕಿಲೋಓಮ್ ಅಥವಾ ಅದಕ್ಕೂ ಕಡಿಮೆಯ ರೆಸಿಸ್ಟರ್ ಹಾಕಬೇಕಾಗಿತ್ತು. ತಯಾರಕರು ದೋಷವನ್ನು ಬಹಿರಂಗವಾಗಿ ಒಪ್ಪಿ, 2025ರಲ್ಲಿ ತಿದ್ದಿದ ಚಿಪ್ಪನ್ನು ತಂದರು. ಮಳೆಮಾಪಕದ ಸ್ವಿಚ್ಚಿನ ಒಂದು ತುದಿಯನ್ನು ನೆಲಕ್ಕೆ ಕಟ್ಟಿ, ಕಾಲನ್ನು ಮೇಲಕ್ಕೆ ಎಳೆದು ಹಿಡಿಯುವ ರೀತಿಯಲ್ಲಿ ಜೋಡಿಸಿದರೆ ಈ ದೋಷ ಬಾಧಿಸದು.

ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆಗಳು

1. ನನ್ನ ಕೆಲಸಕ್ಕೆ ವರ್ಷಕ್ಕೆ ಎಷ್ಟು ಬೈಟ್ ಬೇಕು? ಕಾಗದದ ಮೇಲೆ ಲೆಕ್ಕ ಹಾಕಿದ್ದೇನೆಯೇ?

2. ಹೇಳಿದ ಮೆಮೊರಿ ರ್ಯಾಮೋ ಫ್ಲ್ಯಾಶೋ? ಬೈಟೋ ಬಿಟ್ಟೋ? ಪ್ರೋಗ್ರಾಮು ಹೋಗಿ ಉಳಿಯುವುದೆಷ್ಟು?

3. ಲೆಕ್ಕವನ್ನು ಎಷ್ಟು ಹೊತ್ತಿಗೊಂದು ಸಲ ಫ್ಲ್ಯಾಶಿಗೆ ಬರೆಯುತ್ತದೆ? ಈ ಕ್ಷಣ ತಂತಿ ಕಿತ್ತರೆ ಎಷ್ಟು ಕಳೆಯುತ್ತದೆ? ಕಿತ್ತು ತೋರಿಸುತ್ತೀರಾ?

4. ಗಡಿಯಾರಕ್ಕೆ ಬೇರೆ ಸೆಲ್ಲು ಇದೆಯೇ?

5. ಬೋರ್ಡಿನ ಬೆಲೆಯೆಷ್ಟು, ಪೂರ್ತಿ ಸಾಮಾನಿನ ಬೆಲೆಯೆಷ್ಟು? ಬೇರೆ ಬೇರೆಯಾಗಿ ಬರೆದು ಕೊಡುತ್ತೀರಾ?

ಮೂರನೆಯ ಪ್ರಶ್ನೆಯನ್ನು ಯಾರೂ ಬಿಡಕೂಡದು. ನಾವು ಅದನ್ನು ಕೇಳಿಕೊಂಡಿದ್ದರೆ ಎರಡು ಎಕರೆಯ ಹೂ ಉಳಿಯುತ್ತಿತ್ತು.

ಸಂಘದ ಇಪ್ಪತ್ತು ಮಾಪಕಗಳ ಬಗ್ಗೆ ನಮ್ಮ ಸಲಹೆ ಇಷ್ಟೇ. ತಾಕಿನಲ್ಲಿ ಇಡುವವಕ್ಕೆ ಹಳೆಯ ಪೀಕೋ ಸಾಕು. ಅಂಗಡಿಯಲ್ಲಿ ವ್ಯತ್ಯಾಸ ನೂರು ರೂಪಾಯಿಯ ಆಸುಪಾಸಿನಲ್ಲಿದ್ದು, ತಿದ್ದಿದ ಚಿಪ್ಪೇ ಸಿಕ್ಕರೆ ಪೀಕೋ 2 ತರಿಸಿದರೂ ತಪ್ಪಿಲ್ಲ. ಅದಕ್ಕಿಂತ ಹೆಚ್ಚು ಕೊಡಬೇಕಾಗಿಲ್ಲ. ಉಳಿದ ಹಣ ಪೆಟ್ಟಿಗೆಗೂ ಗಡಿಯಾರಕ್ಕೂ ಹೋಗಲಿ. ಮೊದಲು ನಾಲ್ಕು ತರಿಸಿ ಒಂದು ಮಳೆಗಾಲ ನೋಡಿ, ಆಮೇಲೆ ಹದಿನಾರು ತರಿಸುವುದು ಕ್ಷೇಮ.

ಕೊನೆಯದಾಗಿ ಒಂದು ಮಾತು. ಬಟ್ಟಲಿನ ಮಾಪಕದಲ್ಲಿ ಎಲೆ ಬೀಳುತ್ತದೆ, ಇರುವೆ ಗೂಡು ಕಟ್ಟುತ್ತದೆ, ಜಡಿಮಳೆಯಲ್ಲಿ ಬಟ್ಟಲು ಮಗುಚುವಷ್ಟರಲ್ಲಿ ಸ್ವಲ್ಪ ನೀರು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಇದನ್ನು ಯಾವ ಮೆಮೊರಿಯೂ ಸರಿಪಡಿಸಲಾರದು. ಅಟ್ಟದಿಂದ ಗಾಜಿನ ಅಳತೆಯನ್ನು ಇಳಿಸಿ ಮತ್ತೆ ಅದರ ಕಂಬಕ್ಕೆ ಕಟ್ಟಿದ್ದೇವೆ. ಮೇಸ್ತ್ರಿ ಬೆಳಿಗ್ಗೆ ಓದಿ ಚೆಕ್‌ರೋಲಿನ ಅಂಚಿನಲ್ಲಿ ಬರೆಯುತ್ತಾರೆ. ಬೋರ್ಡಿನ ಅಂಕಿಯನ್ನು ಅದರ ಪಕ್ಕದಲ್ಲಿ ನಾವು ಬರೆಯುತ್ತೇವೆ. ಎರಡೂ ಹೊಂದದ ದಿನ ಮೊದಲು ಮಾಪಕವನ್ನು ಹೋಗಿ ನೋಡುತ್ತೇವೆ.

ಇಂಥ ಬೋರ್ಡುಗಳನ್ನು ಈಗಾಗಲೇ ಇಟ್ಟಿರುವ ಸದಸ್ಯರು ತಮ್ಮ ಅನುಭವವನ್ನು, ಮುಖ್ಯವಾಗಿ ಕೆಟ್ಟುಹೋದ ಸಂದರ್ಭಗಳನ್ನು, ಸಭೆಗೆ ಮೊದಲು ಸಂಘಕ್ಕೆ ಬರೆದು ತಿಳಿಸಬೇಕಾಗಿ ಕೋರುತ್ತೇವೆ.